ನಕ್ಷತ್ರಮ್ಮನ ಗಂಡ

ಬೆಡ್‌ಶೀಟು ಮಡಚುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಒಮ್ಮೆ ಆಸ್ಪತ್ರೆಯ ಬಟ್ಟೆ ಕೋಣೆಗೆ ಹೋಗಿ ನಿಂತು ನೋಡಬೇಕು. ಒಣಗಿಸುವ ಯಂತ್ರದಿಂದ ಬಿಸಿ ಆರದ ಬಟ್ಟೆ ಗಾಡಿಗಟ್ಟಲೆ ಬಂದು ಮೇಜಿನ ಮೇಲೆ ಬೀಳುತ್ತದೆ. ಅದನ್ನು ಮಡಚಿ, ಕಪಾಟಿಗೆ ಸೇರಿಸಿ, ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಇನ್ನೊಂದು ಗಾಡಿ ಬಾಗಿಲಲ್ಲಿ ಹಾಜರು. ಆ ಮೇಜಿನ ಒಂದು ತುದಿಗೆ ನಿಂತು, ಎದುರಿಗಿರುವವಳ ಕೈಯಿಂದ ಬಟ್ಟೆ ಕಿತ್ತುಕೊಂಡು, "ಹೀಗಲ್ಲಮ್ಮ, ಅಂಚಿಗೆ ಅಂಚು ಕೂರ್ಬೇಕು" ಎಂದು ಬಿಚ್ಚಿ ಮತ್ತೆ ಮಡಚುವ ಹೆಂಗಸು ಯಾರೆಂದು ಕೇಳಿದರೆ ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಾರೆ: ನಕ್ಷತ್ರಮ್ಮ. ತಿದ್ದುವುದೆಂದರೆ ಅವಳಿಗೆ ಊಟಕ್ಕಿಂತ ಹೆಚ್ಚು. ಬೇರೆಯವರ ಮನೆಗೆ ಹೋದರೂ ಕಿಟಕಿಯ ಪರದೆ ಸರಿಮಾಡದೆ ಕೂತವಳಲ್ಲ.

ಆ ಹೆಸರನ್ನು ಅವಳಿಗೆ ಕ್ರಿಸ್‌ಮಸ್ ಕೊಟ್ಟಿತ್ತು. ಡಿಸೆಂಬರ್ ಹತ್ತಿರ ಬಂತೆಂದರೆ ವಾರ್ಡುಗಳಿಗೆಲ್ಲ ಕಾಗದದ ಗಂಟೆ, ಹಕ್ಕಿ, ಪುಟ್ಟ ಮರ, ರೆಕ್ಕೆಯ ದೇವದೂತ ಬೇಕು. ಕತ್ತರಿ, ಅಂಟು ಮುಟ್ಟದೆ ಬರೀ ಮಡಚಿಯೇ ಮಾಡುವ ಒರಿಗಾಮಿ. ಮಡಚುವ ಕೈಗೆ ಬಟ್ಟೆಯಾದರೇನು ಕಾಗದವಾದರೇನು ಎಂದು ಮೇಲಿನವರು ಯಾವ ಕಾಲದಲ್ಲೋ ಆ ಕೆಲಸವನ್ನು ಬಟ್ಟೆ ಕೋಣೆಯ ತಲೆಗೆ ಕಟ್ಟಿದ್ದರು. ಗಂಟೆಯನ್ನೋ ಹಕ್ಕಿಯನ್ನೋ ಯಾರು ಬೇಕಾದರೂ ಮಡಚಲಿ. ಮುಂದಿನ ಹಜಾರದಲ್ಲಿ, ಚಾವಣಿಯ ಕೊಕ್ಕೆಯಿಂದ ತೂಗುವ ದೊಡ್ಡ ನಕ್ಷತ್ರ ಮಾತ್ರ ಅವಳದೇ. ಅದು ಒಂದೇ ಹಾಳೆಯದಲ್ಲ. ಚೌಕ ಹಾಳೆಗಳನ್ನು ಒಂದೊಂದಾಗಿ ಮಡಚಿ, ಪ್ರತಿ ತುಂಡಿಗೂ ಒಂದು ನಾಲಿಗೆ, ಒಂದು ಜೇಬು ಮಾಡಿ, ಒಂದರ ನಾಲಿಗೆಯನ್ನು ಇನ್ನೊಂದರ ಜೇಬಿಗೆ ತೂರಿಸುತ್ತ ಹೋಗಬೇಕು. ಕೊನೆಯ ತುಂಡು ಒಳಗೆ ಹೋದಾಗ ಎಲ್ಲ ಕಡೆಗೂ ಮೊನೆ ಚಾಚಿದ ನಕ್ಷತ್ರ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ಹಜಾರದಲ್ಲಿ ಕೂತ ರೋಗಿಗಳು, ಅವರ ಕಡೆಯವರು, ಚೀಟಿ ಹಿಡಿದು ಓಡಾಡುವವರು ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು. ಆ ಒಂದು ಗಳಿಗೆಗಾಗಿ ಅವಳು ವರ್ಷವಿಡೀ ಬೆಡ್‌ಶೀಟು ಮಡಚುತ್ತಿದ್ದಳು ಎಂದರೂ ಸುಳ್ಳಲ್ಲ.

ಗಂಡ ತಗಡಿನ ಮೇಸ್ತ್ರಿ. ಗಾಳಿ ಕೊಳವೆ, ಟ್ರಂಕು, ಸೂರಿನ ನೀರು ಇಳಿಯುವ ದೋಣಿ, ತಗಡಿನಲ್ಲಿ ಏನು ಕೇಳಿದರೂ ಮಾಡಿಕೊಡುವ ಮನುಷ್ಯ. ಮಾತು ಕಮ್ಮಿ, ನಗು ಜಾಸ್ತಿ. ಸಂಜೆ ಅವಳನ್ನು ಕರೆದೊಯ್ಯಲು ಅವನು ಗೇಟಿಗೆ ಬಂದರೆ ಕಾವಲಿನವನು ಒಳಗೆ ಕೇಳುವಂತೆ ಕೂಗುತ್ತಿದ್ದ: "ನಕ್ಷತ್ರಮ್ಮನ ಗಂಡ ಬಂದ್ರು!" ಮೇಸ್ತ್ರಿ ನಕ್ಕು, ಕುತ್ತಿಗೆಯ ಹಿಂದೆ ಕೆರೆದುಕೊಂಡು ನಿಲ್ಲುತ್ತಿದ್ದ. ಆ ಕೂಗು ಕೇಳಿ ಅವಳು ಬೇಕೆಂದೇ ಸ್ವಲ್ಪ ತಡವಾಗಿ ಹೊರಗೆ ಬರುತ್ತಿದ್ದಳು. ಇನ್ನೊಂದು ಸಲ ಕೂಗಲಿ ಎಂದು.

ಹೀಗಿರುವಾಗ ಆ ವರ್ಷ ಏಣಿ ಜಾರಿ ಮೇಸ್ತ್ರಿಯ ಹಿಮ್ಮಡಿ ಮುರಿಯಿತು. ಕಾಲಿಗೆ ಪ್ಲಾಸ್ಟರ್ ಹಾಕಿ ಮನೆಯಲ್ಲಿ ಕೂರಿಸಿದರು. ಅವನೋ ಸುಮ್ಮನೆ ಕೂರುವ ಆಸಾಮಿಯಲ್ಲ. ಗೋಡೆ ಗಡಿಯಾರ ಬಿಚ್ಚಿದ, ಮಿಕ್ಸಿ ಬಿಚ್ಚಿದ, ಬಿಚ್ಚಿದ್ದರಲ್ಲಿ ಕೆಲವನ್ನು ವಾಪಸ್ಸು ಜೋಡಿಸಿದ. ಹೊಲಿಗೆ ಯಂತ್ರದ ಕಡೆ ಕಣ್ಣು ಹಾಕಿದ ದಿನ ಅವಳ ಎದೆ ಧಸಕ್ಕೆಂದಿತು. ಕೆಲಸದಿಂದ ತಂದಿದ್ದ ಕಾಗದದ ಕಟ್ಟನ್ನು ಅವನ ಮುಂದಿಟ್ಟು, "ತಗೊಳ್ಳಿ, ಇದನ್ನ ಮಡಚ್ತಾ ಕೂತಿರಿ. ಹಾಳಾದ್ರೂ ಕಾಗದ ತಾನೇ" ಎಂದಳು. ಕೈಯಾರೆ ತಾನೇ ಕೊಟ್ಟಳು, ಅದು ನೆನಪಿರಲಿ.

ಮೊದಲ ದಿನ ಅವನು ಮಡಚಿದ ಹಕ್ಕಿ ಕತ್ತು ತಿರುಚಿದ ಬಾತುಕೋಳಿಯಾಯಿತು. ನೋಡಿ ಅವಳಿಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಪಕ್ಕದಲ್ಲಿ ಕೂತು, ಅವನ ದಪ್ಪ ಬೆರಳುಗಳನ್ನು ಹಿಡಿದು, ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ ತಿದ್ದಿದಳು. "ಪರವಾಗಿಲ್ಲ ಬಿಡಿ, ಬರುತ್ತೆ" ಎಂದು ಬೆನ್ನು ತಟ್ಟಿದಳು. ಬರುವುದಿಲ್ಲವೆಂಬ ಖಾತ್ರಿ ಇದ್ದಾಗ ಬೆನ್ನು ತಟ್ಟುವುದು ಬಹಳ ಸುಲಭ.

ಬಂತು. ಒಂದು ಸಂಜೆ ಅವಳು ಬಾಗಿಲು ತೆರೆದರೆ ಕಿಟಕಿಯ ಸರಳಿನ ಉದ್ದಕ್ಕೂ ಹಕ್ಕಿಗಳು ಕೂತಿದ್ದವು. ಎಲ್ಲದರ ರೆಕ್ಕೆಯೂ ಒಂದೇ ಓರೆ, ಎಲ್ಲದರ ಕೊಕ್ಕೂ ಒಂದೇ ಚೂಪು. ಚೀಲವನ್ನೂ ಕೆಳಗಿಡದೆ ಒಂದೊಂದನ್ನೇ ನೋಡುತ್ತ ತಪ್ಪು ಹುಡುಕಿದಳು. ಸಿಗಲಿಲ್ಲ.

"ಬಾಲ ಸ್ವಲ್ಪ ಉದ್ದ ಆಯ್ತು" ಎಂದಳು. ಆಗಿರಲಿಲ್ಲ.

"ಹೌದಾ? ನಾಳೆ ಸರಿ ಮಾಡ್ತೀನಿ" ಎಂದು ಅವನು ಚಮಚದ ಬೆನ್ನಿನಿಂದ ಇನ್ನೊಂದು ಗೆರೆ ಒತ್ತಿದ. ಅವಳು ಗೆರೆ ಒತ್ತುವುದು ಬಲಗೈ ಹೆಬ್ಬೆರಳಿನ ಉಗುರಿನಿಂದ; ಆ ಉಗುರನ್ನು ಅದಕ್ಕೆಂದೇ ಉದ್ದ ಬಿಟ್ಟಿದ್ದಳು. ಅವಳ ಗೆರೆ ಹೊಳೆಯುತ್ತಿತ್ತು, ಅವನದು ಮೆತ್ತಗೆ ಮಂಕಾಗಿರುತ್ತಿತ್ತು.

"ಚಮಚ ಇರೋದು ತಿನ್ನೋಕೆ ಕಣ್ರೀ."

"ಉಗುರು ಇರೋದು ಕೆರ್ಕೊಳ್ಳೋಕೆ ಕಣೇ" ಎಂದು ಅವನು ನಕ್ಕ. ಅವಳು ನಗಲಿಲ್ಲ.

ಅವಳಿಗೆ ಹೊಟ್ಟೆಕಿಚ್ಚಾಗಿತ್ತು. ಸುತ್ತಿ ಬಳಸಿ ಹೇಳುವುದಕ್ಕೇನಿದೆ? ಓರಗಿತ್ತಿಯ ಮೇಲೋ ಪಕ್ಕದ ಮನೆಯವಳ ಮೇಲೋ ಹೊಟ್ಟೆಕಿಚ್ಚಾದರೆ ಗಂಡನ ಹತ್ತಿರ ಹೇಳಿಕೊಂಡು ಹಗುರಾಗಬಹುದು. ಗಂಡನ ಮೇಲೇ ಆದರೆ ಯಾರ ಹತ್ತಿರ ಹೇಳಿಕೊಳ್ಳುವುದು? ರಾತ್ರಿ ಬಡಿಸುವಾಗ ತಟ್ಟೆಯನ್ನು ಸ್ವಲ್ಪ ಜೋರಾಗಿ ಇಟ್ಟಳು, ಅಷ್ಟೆ.

ಅದೇ ವರ್ಷ ಕಾಗದವೂ ಕೈಕೊಡಬೇಕೆ! ಎಂದಿನ ತೆಳು ಕಾಗದ ಸಿಗಲಿಲ್ಲವೆಂದು ಉಗ್ರಾಣದವರು ದಪ್ಪನೆಯ ಬೆಳ್ಳಿ ಬಣ್ಣದ ಹಾಳೆ ಕಳಿಸಿದರು. ಅವಳು ತನ್ನ ಪದ್ಧತಿ ಬಿಡದೆ ಅಂಚಿಗೆ ಅಂಚು ಕೂರಿಸಿ ದೊಡ್ಡ ನಕ್ಷತ್ರದ ತುಂಡುಗಳನ್ನು ಮಡಚಿದಳು. ಬಿಡಿಬಿಡಿಯಾಗಿ ನೋಡಿದರೆ ಒಂದೊಂದೂ ಕಣ್ಣಿಗೊತ್ತಿಕೊಳ್ಳುವ ಹಾಗಿತ್ತು. ಬಟ್ಟೆ ಕೋಣೆಯಲ್ಲೇ ಒಮ್ಮೆ ಜೋಡಿಸಿ ನೋಡಿದರೆ ನಕ್ಷತ್ರ ಉಬ್ಬಿಕೊಂಡು, ಕೊನೆಯ ಜಾಗದಲ್ಲಿ ಬಾಯಿ ಬಿಟ್ಟುಕೊಂಡಿತು. ಒತ್ತಿದಳು, ಬೈದಳು, ಕೊನೆಗೆ ಕೆಂಪು ರಿಬ್ಬನ್ ಕಟ್ಟಿ ಆ ಬಾಯಿ ಮುಚ್ಚಿಸಿ, ನಕ್ಷತ್ರವನ್ನು ಬಟ್ಟೆ ಕೋಣೆಯ ಕಪಾಟಿನ ಮೇಲೆ ಇಟ್ಟಳು.

ಇತ್ತ ಮನೆಯಲ್ಲಿ ಮೇಸ್ತ್ರಿ ಅದೇ ಹಾಳೆಯ ಉಳಿದ ಚೂರುಗಳಲ್ಲಿ ಅಂಗೈಯಗಲದ ಒಂದು ನಕ್ಷತ್ರ ಮಾಡಿದ್ದ. ಅದು ಸದ್ದಿಲ್ಲದೆ ಮುಚ್ಚಿಕೊಂಡಿತ್ತು. ಅವಳು ಅದನ್ನು ಕಂಡೂ ಕಾಣದಂತೆ ಇದ್ದುಬಿಡುತ್ತಿದ್ದಳೇನೋ, ಆದರೆ ಆ ಭಾನುವಾರವೇ ಸೂಜಿಯಕ್ಕ ಕಾಲು ಮುರಿದವನನ್ನು ನೋಡಲು ಬಂದಳು. ಹರಿದ ಬೆಡ್‌ಶೀಟುಗಳಿಗೆ ಹೊಲಿಗೆ ಹಾಕುವುದು ಸೂಜಿಯಕ್ಕನ ಕೆಲಸ, ಬಾಯಿಯೂ ಸೂಜಿಯೇ.

"ಇದು ನೀವು ಮಾಡಿದ್ದಾ ಮೇಸ್ತ್ರಿ? ಅಯ್ಯೋ, ನಮ್ಮ ನಕ್ಷತ್ರಮ್ಮನ್ನೇ ಮೀರಿಸಿಬಿಟ್ರಲ್ಲ!" ಎಂದವಳೇ, ಕೇಳದೆ ಅದನ್ನು ಚೀಲಕ್ಕೆ ಹಾಕಿಕೊಂಡಳು. ಮರುದಿನ ಅದು ನರ್ಸುಗಳಿಗೆಲ್ಲ ಹಿರಿಯರಾದ ಮೇಟ್ರನ್ ಮೇಜಿನ ಮೇಲಿತ್ತು.

ಮೇಟ್ರನ್ ಅದನ್ನು ತಿರುಗಿಸಿ ನೋಡಿದರು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಬಿಚ್ಚೋದೇ ಇಲ್ಲವಲ್ಲ! ರಿಬ್ಬನ್ನೂ ಬೇಕಿಲ್ಲ. ಈ ಸಲ ಹಜಾರದ್ದು ನಿಮ್ಮ ಯಜಮಾನರ ಕೈಯಲ್ಲೇ ಮಾಡಿಸೋಣ. ನಿಮ್ಮದು ಮಕ್ಕಳ ವಾರ್ಡಿಗೆ ಹಾಕಿದ್ರಾಯ್ತು, ಏನಂತೀರಿ?"

"ಆಯ್ತು ಮೇಡಂ" ಎಂದಳು. ಬೇರೆ ಏನು ಅನ್ನಲು ಸಾಧ್ಯ? ಅದು ಸಾಲದೆಂಬಂತೆ, ಹೊರಗೆ ಬಂದಾಗ ಹೊಸದಾಗಿ ಸೇರಿದ ನರ್ಸೊಬ್ಬಳು ಎದುರಾಗಿ, "ಆ ಮೇಸ್ತ್ರಿ ಹೆಂಡ್ತಿ ನೀವೇ ಅಲ್ವಾ?" ಎಂದು ಕೇಳಿದಳು. ನಕ್ಷತ್ರಮ್ಮನ ಮೈಯೆಲ್ಲ ಉರಿದುಹೋಯಿತು. ಹೆಸರು ಹೋದರೆ ಅವಳ ಹತ್ತಿರ ಉಳಿಯುವುದೇನು? ಬೆಡ್‌ಶೀಟು.

ಮೇಸ್ತ್ರಿಗೆ ವಿಷಯ ತಿಳಿದಾಗ ಅವನ ಮುಖ ಅರಳಿದ ಪರಿ ನೋಡಬೇಕಿತ್ತು. ಅವಳು ನೋಡಲಿಲ್ಲ, ಪಾತ್ರೆ ತೊಳೆಯುತ್ತಿದ್ದಳು.

"ನಿಂಗೇನೂ ಬೇಜಾರಿಲ್ಲ ತಾನೇ?"

"ನಂಗ್ಯಾಕ್ರೀ ಬೇಜಾರು?" ಆ "ಯಾಕ್ರೀ" ಎಂಥ ಕಿವುಡನಿಗೂ ಕೇಳುವ ಹಾಗಿತ್ತು. ಅವನಿಗೆ ಕೇಳಲಿಲ್ಲ, ಅಥವಾ ಈ ಒಂದು ಸಲ ಕೇಳಿಸಿಕೊಳ್ಳುವುದು ಬೇಡವೆಂದುಕೊಂಡ.

ಅವನು ತುಂಡುಗಳನ್ನು ಮಡಚಿ ಮಡಚಿ ರಟ್ಟಿನ ಪೆಟ್ಟಿಗೆಗೆ ಹಾಕತೊಡಗಿದ. ಜೋಡಿಸಿದ ಮೇಲೆ ದೊಡ್ಡ ನಕ್ಷತ್ರ ಮನೆಯ ಕಿರಿದಾದ ಬಾಗಿಲಲ್ಲಿ ಹಿಡಿಯದು, ಜೋಡಿಸುವುದು ಹಜಾರದಲ್ಲೇ. ಅವಳು ಒಂದು ತುಂಡು ಎತ್ತಿ ನೋಡಿ ಹುಬ್ಬೇರಿಸಿದಳು.

"ಇದೇನ್ರೀ, ಅಂಚು ಕೂತಿಲ್ಲ? ನಡುವೆ ಸಂದಿ ಇದೆ."

"ಬೇಕಂತಲೇ ಬಿಟ್ಟಿದ್ದು ಕಣೇ, ಕೂದಲೆಳೆಯಷ್ಟು. ತಗಡಲ್ಲೂ ಹಾಗೇ. ಮಡಿಕೆನೂ ಜಾಗ ತಿನ್ನುತ್ತೆ, ಅದಕ್ಕೂ ಸ್ವಲ್ಪ ಬಿಡಬೇಕು."

"ಕಾಗದ ಏನು ತಗಡೇ?"

"ಈ ಕಾಗದ ಹತ್ರಹತ್ರ ತಗಡೇ."

ಆ ಮಾತನ್ನು ಅವಳು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು. ತಾನು ಬೆರಳು ಹಿಡಿದು ಕಲಿಸಿದವನಿಂದ ತಾನು ಕಲಿಯುವುದೆಂದರೇನು!

ಅವಳ ವಾರದ ರಜೆಯ ದಿನ, ಮಧ್ಯಾಹ್ನ. ಮೇಸ್ತ್ರಿ ನೋವಿನ ಮಾತ್ರೆ ನುಂಗಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ತುಂಡುಗಳೆಲ್ಲ ಮುಗಿದು ತುಂಬಿದ ಪೆಟ್ಟಿಗೆ ಮಂಚದ ಕೆಳಗಿಂದ ಅರ್ಧ ಹೊರಗಿತ್ತು. ಒಳಗೆ ತಳ್ಳೋಣವೆಂದು ಬಗ್ಗಿದಳು. ಇಷ್ಟು ಮಾತ್ರ ನಿಜ. ಮೇಲಿನ ತುಂಡಿನ ಸಂದಿ ಕಣ್ಣಿಗೆ ಬಿತ್ತು. ಕೈಗೆತ್ತಿಕೊಂಡಳು. ಅಂಚನ್ನು ನಡುಗೆರೆಗೆ ಎಳೆದು ಕೂರಿಸಿ ಉಗುರಿನಿಂದ ಒಮ್ಮೆ ಎಳೆದಳು. ಆಹಾ, ಈಗ ನೋಡು, ಹೇಗೆ ಕೂತಿತು! ಇದೊಂದೇ ಸರಿಯಾಗಿ ಉಳಿದವೆಲ್ಲ ಸೊಟ್ಟಗಿದ್ದರೆ ಚೆನ್ನಾಗಿರುವುದಿಲ್ಲ ಎಂದು ಎರಡನೆಯದನ್ನೂ ತಿದ್ದಿದಳು. ಆಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮಡಿಲಿಗೆ ಸುರಿದುಕೊಂಡು, ಪೆಟ್ಟಿಗೆ ಖಾಲಿಯಾಗುವ ತನಕ ತಿದ್ದಿದಳು.

ಯಾರಾದರೂ ಕೇಳಿದ್ದರೆ, ಆಸ್ಪತ್ರೆಯವರ ಮುಂದೆ ಗಂಡನ ಮರ್ಯಾದೆ ಹೋಗಬಾರದೆಂದು ಮಾಡಿದೆ ಎನ್ನುತ್ತಿದ್ದಳು. ಅದನ್ನು ಅವಳೂ ಅರ್ಧ ನಂಬಿದ್ದಳು. ಉಳಿದ ಅರ್ಧಕ್ಕೆ ಎಲ್ಲ ಗೊತ್ತಿತ್ತು: ತನ್ನ ನಕ್ಷತ್ರ ಯಾಕೆ ಬಾಯಿ ಬಿಟ್ಟಿತು, ಇದೂ ಯಾಕೆ ಬಿಡುತ್ತದೆ ಎನ್ನುವುದೂ ಗೊತ್ತಿತ್ತು. ಎಲ್ಲವನ್ನೂ ಮೊದಲಿನ ಹಾಗೆ ಪೆಟ್ಟಿಗೆಗೆ ತುಂಬಿ, ಮುಚ್ಚಳ ಹಾಕಿ, ದಾರ ಕಟ್ಟಿದಳು. ಎಷ್ಟೋ ದಿನಗಳ ಮೇಲೆ ಮನಸ್ಸು ತಣ್ಣಗಾಯಿತು. ಸಂಜೆ ಗಂಡನಿಗೆ ಚಹಾದ ಜೊತೆ ಬಿಸ್ಕತ್ತನ್ನೂ ಕೊಟ್ಟಳು. "ಏನು ವಿಶೇಷ?" ಎಂದು ಅವನು ಕೇಳಿದ. "ಸುಮ್ನೆ" ಎಂದಳು.

ಪ್ಲಾಸ್ಟರ್ ಬಿಚ್ಚುವ ದಿನವೇ ನಕ್ಷತ್ರ ಜೋಡಿಸುವುದೆಂದು ನಿಶ್ಚಯವಾಗಿತ್ತು. ಕಾಲು ಹಗುರಾದ ಮೇಸ್ತ್ರಿಯನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ, ಮಡಿಲಲ್ಲಿ ಪೆಟ್ಟಿಗೆ ಇಟ್ಟು, ಹಜಾರದ ಮಧ್ಯಕ್ಕೆ ತಂದರು. ಬಟ್ಟೆ ಕೋಣೆಯವರೆಲ್ಲ ಸುತ್ತ ನಿಂತರು. ಕಾವಲಿನವನು ಏಣಿ ಹಿಡಿದು ಸಿದ್ಧನಾದ. ಮೇಟ್ರನ್ ಕೈಕಟ್ಟಿ ನಿಂತರು. ಮೇಸ್ತ್ರಿ ಹೊಸ ಅಂಗಿ ಹಾಕಿಕೊಂಡಿದ್ದ, ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದ. ಅವಳು ಅದನ್ನು ಬೆಳಿಗ್ಗೆ ಮನೆಯಲ್ಲಿ ನೋಡಿಯೂ ಈಗಷ್ಟೇ ಗಮನಿಸಿದಳು.

ಮೊದಲ ತುಂಡುಗಳು ಹೇಗೋ ಸೇರಿದವು. ಅರ್ಧ ದಾಟಿದ ಮೇಲೆ ನಾಲಿಗೆಗಳು ಜೇಬಿನೊಳಗೆ ಹೋಗಲು ಹಟ ಹಿಡಿದವು. ಅವನು ಹಗುರಾಗಿ ಒತ್ತಿದ. ನಕ್ಷತ್ರ ಒಂದು ಕಡೆ ಉಬ್ಬಿತು. ಕೊನೆಯ ತುಂಡನ್ನು ತೂರಿಸುತ್ತಲೇ ಎದುರು ಬದಿಯ ಎರಡು ತುಂಡು ಪಟ್ಟೆಂದು ಹಾರಿ ನೆಲಕ್ಕೆ ಬಿದ್ದವು. ಯಾರೋ ಕಿಸಕ್ಕೆಂದರು.

ಮೇಸ್ತ್ರಿ ಬಿದ್ದ ತುಂಡನ್ನು ಎತ್ತಿಸಿಕೊಂಡು ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಮಡಿಕೆಯ ಮೇಲೆ ಸವರಿದ. ಅಲ್ಲಿ ಒಂದರ ಪಕ್ಕ ಒಂದು ಎರಡು ಗೆರೆಗಳಿದ್ದವು: ಒಂದು ಮಂಕು, ಒಂದು ಹೊಳಪು. ಅವನು ತಲೆಯೆತ್ತಿ ಹೆಂಡತಿಯನ್ನು ನೋಡಿದ. ಅವಳು ಗೋಡೆ ನೋಡಿದಳು.

"ನನ್ನ ಲೆಕ್ಕ ತಪ್ಪಿತು ಮೇಡಂ" ಎಂದ.

"ಹೋಗಲಿ ಬಿಡಿ" ಎಂದರು ಮೇಟ್ರನ್. "ನಕ್ಷತ್ರಮ್ಮ, ನಿಮ್ಮದನ್ನೇ ತಂದುಬಿಡಿ. ಅದೇ ಹಾಕೋಣ."

ಇಷ್ಟು ದಿನ ಬಯಸಿದ್ದು ಹೀಗೆ ಬಾಯಿಗೇ ಬಂದು ಬಿತ್ತು. ಅವಳು ಬಿರಬಿರನೆ ಬಟ್ಟೆ ಕೋಣೆಗೆ ನಡೆದು, ಕಪಾಟಿನ ಮೇಲಿದ್ದ ತನ್ನ ನಕ್ಷತ್ರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ವಾಪಸ್ಸು ಬಂದಳು. ಹಜಾರದ ಬಾಗಿಲಿಗೆ ಬರುವಷ್ಟರಲ್ಲಿ ಸೂಜಿಯಕ್ಕನ ದನಿ ಕೇಳಿಸಿತು: "ಚಿಕ್ಕದು ಮಾಡೋದು ಬೇರೆ, ದೊಡ್ಡದು ಮಾಡೋದು ಬೇರೆ ಬಿಡಿ ಮೇಸ್ತ್ರಿ. ತಗಡು ಬಡಿಯೋ ಕೈ, ಪಾಪ, ಎಷ್ಟು ಅಂತ ಮಾಡುತ್ತೆ!" ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕು ಕುತ್ತಿಗೆಯ ಹಿಂದೆ ಕೆರೆದುಕೊಂಡ.

ಆ ನಗು ಅವಳಿಗೆ ಗೊತ್ತಿತ್ತು. ಗೇಟಿನಲ್ಲಿ ದಿನವೂ ನೋಡಿದ ನಗು.

ಆಗ ಅವಳಿಗೆ ಬಂದದ್ದು ಪಶ್ಚಾತ್ತಾಪವೆಂದು ಹೇಳಿದರೆ ಕಥೆ ಚೆಂದವಾದೀತು. ಬಂದದ್ದು ಸಿಟ್ಟು. ಹೆಂಡತಿಯ ಕಳ್ಳತನ ಕಂಡುಹಿಡಿದೂ ಬಾಯಿ ಬಿಡದೆ, ತಪ್ಪನ್ನು ತನ್ನ ಮೇಲೆ ಹಾಕಿಕೊಂಡು, ಕೂತಲ್ಲೇ ದೊಡ್ಡ ಮನುಷ್ಯನಾಗಿಬಿಟ್ಟಿದ್ದನಲ್ಲ! ಹಕ್ಕಿಯಲ್ಲಿ ಮುಂದೆ, ನಕ್ಷತ್ರದಲ್ಲಿ ಮುಂದೆ, ಈಗ ಇದರಲ್ಲೂ ಮುಂದೆ. ಅವಳು ರಿಬ್ಬನ್ ಕಟ್ಟಿದ ನಕ್ಷತ್ರವನ್ನು ಅಲ್ಲೇ ಬೆಂಚಿನ ಮೇಲೆ ಇಟ್ಟು ನಡುಮಧ್ಯಕ್ಕೆ ಬಂದಳು.

"ಇವರ ಲೆಕ್ಕ ತಪ್ಪಿಲ್ಲ. ಎಲ್ಲಾ ತುಂಡುನೂ ನಾನೇ ಮತ್ತೆ ಒತ್ತಿಟ್ಟೆ. ಇವರದು ನನ್ನದಕ್ಕಿಂತ ಚೆನ್ನಾಗಿತ್ತು, ಹೊಟ್ಟೆ ಉರೀತು, ಕೆಡಿಸಿದೆ. ಆ ತಪ್ಪು ನಂದು. ಅದನ್ನೂ ಅವರೇ ಇಟ್ಕೊಳ್ಳೋದು ಬೇಡ."

ಸೂಜಿಯಕ್ಕನ ಬಾಯಿಗೆ ಕೂಡ ಬೀಗ ಬಿತ್ತು. ಮೇಟ್ರನ್ ಕೈಗಡಿಯಾರ ನೋಡಿಕೊಂಡು, ಯಾವುದೋ ವಾರ್ಡಿನ ಹೆಸರು ಹೇಳಿ ಹೊರಟೇಹೋದರು. ಮೇಸ್ತ್ರಿಯ ಮುಖದಲ್ಲಿ ನಗು ಇರಲಿಲ್ಲ.

"ಯಾರು ಕೇಳಿದ್ರು ನಿನ್ನ?" ಎಂದ, ಮೆಲ್ಲಗೆ, ಅವಳಿಗೆ ಮಾತ್ರ ಕೇಳುವಂತೆ. "ಮುಚ್ಚಿ ಹಾಕಿದ್ನಲ್ಲ ನಾನು."

"ನೀವ್ಯಾಕೆ ಮುಚ್ಚಿ ಹಾಕ್ಬೇಕು?"

"ಮೇಲೆ ನೋಡು."

ಅವಳು ನೋಡಿದಳು. ನಕ್ಷತ್ರ ತೂಗುವ ಕೊಕ್ಕೆಯ ಪಕ್ಕದಲ್ಲೇ, ಹಜಾರದ ಉದ್ದಕ್ಕೂ, ತಗಡಿನ ದೊಡ್ಡ ಗಾಳಿ ಕೊಳವೆ ಹಾದುಹೋಗಿತ್ತು. ಒಂದು ಜೋಡಣೆಯಲ್ಲೂ ಬೆಳಕು ನುಸುಳುವಷ್ಟು ಸಂದಿ ಇರಲಿಲ್ಲ.

"ಅದು ನಾನು ಮಾಡಿದ್ದು. ಅದರ ಕೆಳಗೇ ವರ್ಷ ವರ್ಷ ನಿನ್ನ ನಕ್ಷತ್ರ ಕಟ್ಟಿದ್ದು. ಎಲ್ಲರೂ ಕತ್ತೆತ್ತಿ ನೋಡ್ತಿದ್ರು, ನನ್ನ ಕೊಳವೆ ಒಬ್ರಿಗೂ ಕಾಣ್ಲಿಲ್ಲ, ನಿಂಗೂ ಕಾಣ್ಲಿಲ್ಲ. ನಾನು ಆ ಗೇಟಲ್ಲಿ ನಕ್ಷತ್ರಮ್ಮನ ಗಂಡ ಅನ್ನಿಸ್ಕೊಂಡು ನಗ್ತಾ ನಿಂತೆ. ಒಂದು ಸಲ, ಒಂದೇ ಒಂದು ಕ್ರಿಸ್‌ಮಸ್, ನೀನು ಮೇಸ್ತ್ರಿ ಹೆಂಡ್ತಿ ಆಗಿರೋಕೆ ಆಗ್ಲಿಲ್ವಾ?"

ಹೊಟ್ಟೆಕಿಚ್ಚು ತನ್ನೊಬ್ಬಳ ಸ್ವತ್ತು ಎಂದುಕೊಂಡಿದ್ದಳು. ಅದು ಅವನಲ್ಲೂ ಇತ್ತು, ಅವಳಿಗಿಂತ ಹಳೆಯದು. ಅವನು ಅದನ್ನು ನಗುತ್ತ ಇಟ್ಟುಕೊಂಡಿದ್ದ.

ಗಾಲಿ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಕೈಚಾಚಿದಳು. "ಚಮಚ ಕೊಡಿ."

ಅವನು ಅಂಗಿಯ ಜೇಬಿನಿಂದ ಚಮಚ ತೆಗೆದುಕೊಟ್ಟ. ಅವನ ಮಂಕು ಗೆರೆ ಎಲ್ಲ ತುಂಡುಗಳಲ್ಲೂ ಹಾಗೇ ಉಳಿದಿತ್ತು. ಅವಳು ತನ್ನ ಗೆರೆ ಬಿಡಿಸಿ, ಅವನದರ ಮೇಲೆ ಮಡಚಿ, ಚಮಚದ ಬೆನ್ನಿನಿಂದ ಒತ್ತತೊಡಗಿದಳು.

"ಸಂದಿ ಜಾಸ್ತಿ ಆಯ್ತು" ಎಂದ ಅವನು, ಎರಡನೆಯದಕ್ಕೇ.

ಹಲ್ಲು ಕಚ್ಚಿಕೊಂಡು ಬಿಚ್ಚಿ ಮತ್ತೆ ಮಡಚಿದಳು. ಅವಳು ಒತ್ತಿಕೊಟ್ಟದ್ದನ್ನು ಅವನು ಜೋಡಿಸುತ್ತ ಹೋದ. ಬಟ್ಟೆ ಕೋಣೆಯವರು ಒಬ್ಬೊಬ್ಬರಾಗಿ ಕೆಲಸಕ್ಕೆ ಮರಳಿದರು. ಕೊನೆಯ ತುಂಡು ಒಳಗೆ ಹೋದಾಗ ಸದ್ದೇ ಆಗಲಿಲ್ಲ. ಕಾವಲಿನವನು ಏಣಿ ಹತ್ತಿ ನಕ್ಷತ್ರವನ್ನು ಕೊಕ್ಕೆಗೆ ಸಿಕ್ಕಿಸಿದ. ಬೆಂಚುಗಳಲ್ಲಿ ಕೂತವರು ಕತ್ತೆತ್ತಿ ನೋಡಿದರು, ಆಮೇಲೆ ಮೇಸ್ತ್ರಿಯನ್ನು ನೋಡಿದರು. ನೆಲದ ಮೇಲೆ ಕೂತವಳನ್ನು ಯಾರೂ ನೋಡಲಿಲ್ಲ. ಎಲ್ಲ ಹೇಳಿಕೊಂಡರೆ ಹೊಟ್ಟೆಯ ಉರಿ ಆರುತ್ತದೆಂದು ಯಾರು ಹೇಳಿದರೋ, ಅವಳದು ಎಳ್ಳಷ್ಟೂ ಆರಿರಲಿಲ್ಲ.

ಸಂಜೆ ಅವನು ಊರುಗೋಲು ಹಿಡಿದು, ಅವಳು ಅವನ ತೋಳು ಹಿಡಿದು, ಇಬ್ಬರೂ ಗೇಟಿಗೆ ಬಂದರು. ಕಾವಲಿನವನು ರಸ್ತೆಗೆ ಓಡಿ ಬಾಡಿಗೆ ಕಾರೊಂದನ್ನು ನಿಲ್ಲಿಸಿ, ಚಾಲಕನಿಗೆ ದೊಡ್ಡ ದನಿಯಲ್ಲಿ ಹೇಳಿದ: "ಸ್ವಲ್ಪ ಹತ್ರ ತಗೊಳ್ಳಪ್ಪ. ನಮ್ಮ ಮೇಸ್ತ್ರಿ ಬರ್ತಿದ್ದಾರೆ, ಜೊತೆಗೆ ಅವರ ಹೆಂಡ್ತಿ."

ಅವಳು ಬಾಯಿ ತೆರೆದಳು. ಮೇಸ್ತ್ರಿ ಅವಳ ಕಡೆ ನೋಡದೆ ಕಾಯುತ್ತ ನಿಂತ. ಹೊಟ್ಟೆ ಉರಿಯುತ್ತಿತ್ತು, ಚೆನ್ನಾಗಿಯೇ ಉರಿಯುತ್ತಿತ್ತು. ಆದರೂ ಅವಳು ತಿದ್ದಲಿಲ್ಲ.